ಸ್ಪ್ಯಾನಿಶ್ ಕಂಡಿಷನಲ್ ಟೆನ್ಸ್: ನಮ್ಮ "ತಿಂತಿದ್ದೆ"ಗೆ ಅಲ್ಲಿ ಎರಡು ರೂಪ, ಯಾವುದು ಎಲ್ಲಿ ಹಾಕಬೇಕು

ಬೆಳಗಾವ್ಯಾಗ ಸ್ಪ್ಯಾನಿಶ್ ಕಲಿಯೋರು ಈಗ ಥರಾವರಿ ಮಂದಿ ಅದಾರ, ಹೊಟೇಲ್ ಮ್ಯಾನೇಜ್‌ಮೆಂಟ್ ಮುಗಿಸಿ ಹಡಗಿನ ಕೆಲಸಕ್ಕ ಹೊಂಟ ಹುಡುಗ್ರು, ಪುಣೆ ಬೆಂಗಳೂರಿನ್ಯಾಗ ಲ್ಯಾಂಗ್ವೇಜ್ ಜಾಬ್ ಹುಡುಕೋರು, ಬಾದಾಮಿ ಪಟ್ಟದಕಲ್ಲಿಗೆ ಬರೋ ಟೂರಿಸ್ಟ್ ಜೋಡಿ ನಾಕು ಮಾತು ಆಡಬೇಕು ಅನ್ನೋರು. ಇವರೆಲ್ಲಾರೂ ತಿರುಗಿ ತಿರುಗಿ ಕೇಳೋದು ಒಂದ ಪ್ರಶ್ನೆ. ಕಂಡಿಷನಲ್ ಟೇಬಲ್ ಬಾಯಿಪಾಠ ಆಗೇತ್ರಿ, ಆದ್ರ ವಾಕ್ಯ ಮಾಡಾಕ ಕುಂತ್ರ ಇಂಪರ್ಫೆಕ್ಟ್ ಹಾಕಬೇಕೋ ಕಂಡಿಷನಲ್ ಹಾಕಬೇಕೋ ತಿಳಿಯಂಗಿಲ್ಲ, ಎರಡೂ ಒಂದ ಥರಾ ಅನಸ್ತಾವ.

ಅನಸೋದಕ್ಕ ಕಾರಣ ಐತ್ರಿ, ಅದು ನಿಮ್ಮ ತಲಿ ದೋಷ ಅಲ್ಲ. ಕನ್ನಡದಾಗ "ತಿಂತಿದ್ದೆ" ಅನ್ನೋ ಒಂದ ರೂಪ ಎರಡು ಕೆಲಸ ಮಾಡತೈತಿ. "ಸಣ್ಣವನಿದ್ದಾಗ ದಿನಾ ರೊಟ್ಟಿ ತಿಂತಿದ್ದೆ" ಅಂದ್ರ ಅದು ಖರೇನ ನಡದಿದ್ದು, ರೂಢಿ. "ಹಸಿವಿ ಇದ್ರ ಈಗ ರೊಟ್ಟಿ ತಿಂತಿದ್ದೆ" ಅಂದ್ರ ಅದು ನಡದೇ ಇಲ್ಲ, ಬರೇ ಊಹೆ. ಸ್ಪ್ಯಾನಿಶ್ ಈ ಎರಡಕ್ಕೂ ಬ್ಯಾರೆ ಬ್ಯಾರೆ ರೂಪ ಇಟ್ಟೈತಿ, ಮೊದಲನೇದಕ್ಕ ಇಂಪರ್ಫೆಕ್ಟ್, ಎರಡನೇದಕ್ಕ ಕಂಡಿಷನಲ್. ಇಂಗ್ಲಿಷ್ ಮೂಲಕ ಬರೆದ ಪುಸ್ತಕದಾಗ ಇದನ್ನ ನಮಗ ಯಾರೂ ಹೇಳಂಗಿಲ್ಲ, ಯಾಕಂದ್ರ ಅವು ಕನ್ನಡದವರಿಗೆ ಅಂತ ಬರೆದವಲ್ಲ. ಅದಕ್ಕ ಈ ಲೇಖನದಾಗ ಮೊದಲು ರೂಪ ಹೆಂಗ ಮಾಡೋದು ಲಗೂನ ನೋಡೋಣು, ಆಮ್ಯಾಲ ನಮ್ಮವರು ಎಡವೋ ಜಾಗಾದಾಗ ನಿಂತು ಮಾತಾಡೋಣು.

ಮೊದಲ ನಿಮಗ ಏನು ಬರತಿರಬೇಕು ಅಂದ್ರ, ಒಂದಿಷ್ಟು ಕ್ರಿಯಾಪದಗಳ ಮೂಲರೂಪ, ಅಂದ್ರ ಡಿಕ್ಷನರಿಯೊಳಗ ಸಿಗೋ ರೂಪ, ಅದಕ್ಕ ಇನ್ಫಿನಿಟಿವ್ ಅಂತಾರ. ಸ್ಪ್ಯಾನಿಶ್‌ನ್ಯಾಗ ಅವು ಆರ್, ಏರ್, ಈರ್ ಈ ಮೂರರಾಗ ಒಂದರಿಂದ ಮುಗೀತಾವ: ಅಬ್ಲಾರ್ ಅಂದ್ರ ಮಾತಾಡು, ಕೊಮೇರ್ ಅಂದ್ರ ತಿನ್ನು, ಬಿಬೀರ್ ಅಂದ್ರ ಬದುಕು ಅಥವಾ ವಾಸ ಇರು. ಯೊ, ತೂ, ಎಲ್ ಅಂತ ಸರ್ವನಾಮಾನೂ ಗೊತ್ತಿರಬೇಕು. ಇಷ್ಟಿದ್ರ ಸಾಕು. ಸ್ಪೇನ್ ಸರಕಾರದ ಭಾಷಾ ಸಂಸ್ಥೆ ಇನ್ಸ್ತಿತೂತೊ ಸೆರ್ಬಾಂತೆಸ್‌ನವರ ಡೆಲೆ ಪರೀಕ್ಷಾ ಬರೆಯೋರಿಗೆ ಈ ಟೆನ್ಸ್ ಪೂರಾ ಬೇಕಾಗೋದು ಬಿ1, ಅಂದ್ರ ನಡುವಿನ, ಲೆವೆಲ್‌ನ್ಯಾಗ, ಆದ್ರ "ನನಗ ಇದು ಬೇಕಿತ್ತು" ಅನ್ನೋ ಮರ್ಯಾದಿ ಮಾತಿಗೆ ಮೊದಲನೇ ತಿಂಗಳದಾಗ ಬೇಕಾಗತೈತಿ.

1. ಮೂಲರೂಪಾನ ಕತ್ತರಸಬ್ಯಾಡ್ರಿ

ವರ್ತಮಾನಕಾಲ ಕಲಿಯೋವಾಗ ಆರ್, ಏರ್, ಈರ್ ತಗದು ಪ್ರತ್ಯಯ ಹಚ್ಚಿದ್ರಿ, ಅಬ್ಲಾರ್ ಹೋಗಿ ಅಬ್ಲೊ ಆತು. ಇಲ್ಲಿ ಹಂಗ ಮಾಡಬ್ಯಾಡ್ರಿ. ಪೂರಾ ಶಬ್ದ ಹಂಗ ಇರಲಿ, ಅದರ ಹಿಂದ ಈ ಪ್ರತ್ಯಯ ಹಚ್ಚ್ರಿ: ಈಆ, ಈಆಸ್, ಈಆ, ಈಆಮೋಸ್, ಈಆಯ್ಸ್, ಈಆನ್. ಮೂರೂ ಗುಂಪಿಗೆ ಇವ ಆರು, ಆರ್‌ಗೊಂದು ಏರ್‌ಗೊಂದು ಅಂತ ಇಲ್ಲ.

ಯೊ ಅಬ್ಲರೀಆ: ನಾ ಮಾತಾಡ್ತಿದ್ದೆ
ತೂ ಅಬ್ಲರೀಆಸ್: ನೀ ಮಾತಾಡ್ತಿದ್ದಿ
ಎಲ್, ಎಯಾ, ಉಸ್ತೇದ್ ಅಬ್ಲರೀಆ: ಅವ, ಅಕಿ, ತಾವು ಒಬ್ಬರು
ನೊಸೋತ್ರೋಸ್ ಅಬ್ಲರೀಆಮೋಸ್: ನಾವು
ಬೊಸೋತ್ರೋಸ್ ಅಬ್ಲರೀಆಯ್ಸ್: ನೀವೆಲ್ಲಾ, ಮುಖ್ಯವಾಗಿ ಸ್ಪೇನ್‌ನ್ಯಾಗ
ಎಯೋಸ್, ಎಯಾಸ್, ಉಸ್ತೇದೆಸ್ ಅಬ್ಲರೀಆನ್: ಅವರು, ನೀವೆಲ್ಲಾ

ಕೊಮೇರ್‌ಗೆ ಕೊಮೆರೀಆ, ಬಿಬೀರ್‌ಗೆ ಬಿಬಿರೀಆ, ಉಳಿದದ್ದು ಇದರಂಗ. ಮೆಕ್ಸಿಕೊ, ಕೊಲಂಬಿಯಾ, ಪೆರು ಕಡೆಯವರ ಜೋಡಿ ಮಾತಾಡೋದಿದ್ರ ಬೊಸೋತ್ರೋಸ್ ಸಾಲು ಬಿಟ್ರೂ ನಡೀತೈತಿ. ಅರ್ಜೆಂಟೀನಾದವರು ತೂ ಬದ್ಲಿ ಬೋಸ್ ಅಂತಾರ, ವರ್ತಮಾನಕಾಲದಾಗ ಅದರ ರೂಪ ಬ್ಯಾರೆ, ಆದ್ರ ಕಂಡಿಷನಲ್‌ನ್ಯಾಗ ತೂ ರೂಪಾನ ಬರತೈತಿ, ಚಿಂತಿ ಇಲ್ಲ.

ಈ ಪ್ರತ್ಯಯ ಎಲ್ಲಿಂದ ಬಂತು ಅಂತ ತಿಳಕೊಂಡ್ರ ಮುಂದಿನ ಗೊಂದಲ ಅರ್ಧ ಹೋಗತೈತಿ. ಹಿಂದಕ ಮೂಲರೂಪದ ಪಕ್ಕಕ್ಕ ಅಬೇರ್ ಅನ್ನೋ ಸಹಾಯಕ ಕ್ರಿಯಾಪದದ ಇಂಪರ್ಫೆಕ್ಟ್ ರೂಪ ಅಬೀಆ ಬರತಿತ್ತು, ಅದು ಬರಬರತ್ತ ಸವದು ಈಆ ಅಂತ ಆಗಿ ಶಬ್ದಕ್ಕ ಅಂಟಿಕೊಂತು. ಅದಕ್ಕ ಕಂಡಿಷನಲ್ ಪ್ರತ್ಯಯಕ್ಕೂ ಇಂಪರ್ಫೆಕ್ಟ್ ಪ್ರತ್ಯಯಕ್ಕೂ ಮುಖ ಒಂದ ಥರಾ ಐತಿ. ಮೂಲರೂಪ ಪೂರಾ ಉಳಿಯೋದೂ ಅದಕ್ಕ.

2. ಗೀಟು ಮರೀಬ್ಯಾಡ್ರಿ

ಆರೂ ರೂಪದಾಗ ಇ ಅಕ್ಷರದ (ಇಂಗ್ಲಿಷ್‌ನವರು ಐ ಅನ್ನೋದು) ಮ್ಯಾಲ ಬಲಕ್ಕ ವಾಲಿದ ಸಣ್ಣ ಗೀಟು ಬರತೈತಿ, ಸ್ಪ್ಯಾನಿಶ್‌ನ್ಯಾಗ ಅದಕ್ಕ ತೀಲ್ದೆ ಅಂತಾರ. ಒತ್ತು ಅಲ್ಲೇ ಬೀಳಬೇಕು, ರೀ ಮತ್ತ ಆ ಎರಡೂ ಬ್ಯಾರೆ ಬ್ಯಾರೆ ಕೇಳಬೇಕು ಅನ್ನೋದನ್ನ ಆ ಗೀಟು ಹೇಳತೈತಿ. ಗೀಟು ಇಲ್ಲಂದ್ರ ಇ ಮತ್ತ ಅ ಕೂಡಿ ಒಂದ ಉಸಿರಿನ್ಯಾಗ ಹೋಗತಾವ, ಜಾತ್ರಿಗೆ ಫೇರ್ಯಾ ಅಂತಾರಲ್ಲಾ, ಅಲ್ಲಿ ರ್ಯಾ ಹಂಗ ಕೂಡಿದ್ದು. ಕೊ-ಮೆ-ರೀ-ಆ, ನಾಕು ಭಾಗ, ಬಾಯಿಬಿಟ್ಟು ಅನ್ರಿ. ಕೊಮೇರ್ಯಾ ಅಂತ ಒತ್ತಿ ಓಡಿಸಿದ್ರ ಎದುರಿನವರಿಗೆ ತಿಳಿಯಂಗಿಲ್ಲ.

ಮೊಬೈಲ್‌ನ್ಯಾಗ ಇ ಅಕ್ಷರ ಒತ್ತಿ ಹಿಡಿದ್ರ ಗೀಟು ಇರೋದು ಮ್ಯಾಲ ಬರತೈತಿ. ಪರೀಕ್ಷಾದಾಗ ಗೀಟು ಇಲ್ಲದ ಕಂಡಿಷನಲ್ ತಪ್ಪು ಅಂತನ ಎಣಸ್ತಾರ. ಇನ್ನ ಓಈರ್ ಅಂದ್ರ ಕೇಳು, ರ್ರೆಈರ್ ಅಂದ್ರ ನಗು, ಇವುಕ್ಕ ಮೂಲರೂಪದಾಗ ಮೊದಲ ಒಂದು ಗೀಟು ಇರತೈತಿ, ಕಂಡಿಷನಲ್ ಮಾಡಿದಾಗ ಅದು ಹೋಗಿ ಪ್ರತ್ಯಯದ ಗೀಟು ಒಂದ ಉಳೀತೈತಿ. ಒಂದು ಶಬ್ದಕ್ಕ ಎರಡು ಗೀಟು ಹಾಕಬ್ಯಾಡ್ರಿ.

ನಮಗೊಂದು ಅನುಕೂಲ ಐತಿ. ಸ್ಪ್ಯಾನಿಶ್ ತ, ದ ನಮ್ಮ ತ, ದ ಇದ್ದಂಗ ಹಲ್ಲಿಗೆ ತಾಗಿ ಬರತಾವ, ಟ ಡ ಅಲ್ಲ. ಮೂಗಿನ ಞ ಅಕ್ಷರಾನೂ ನಮ್ಮ ವರ್ಣಮಾಲೆಯಾಗ ಐತಿ. ಇಂಗ್ಲಿಷ್ ಧಾಟಿಯಾಗ ಗುಸ್ಟರಿಯಾ ಅನ್ನೋದು ಬಿಟ್ಟು ಗುಸ್ತರೀಆ ಅಂತ ಕನ್ನಡ ಬಾಯಿಂದ ಅನ್ರಿ, ಛಂದ ಕೇಳತೈತಿ.

3. ವರ್ತಮಾನಕಾಲದ ಬದಲಾವಣಿ ಇಲ್ಲಿಗೆ ತರಬ್ಯಾಡ್ರಿ

ಪೆನ್ಸಾರ್ ಅಂದ್ರ ಯೋಚನಾ ಮಾಡು, ವರ್ತಮಾನದಾಗ ಅದು ಪಿಯೆನ್ಸೊ ಆಗತೈತಿ. ದೊರ್ಮೀರ್ ಅಂದ್ರ ಮಲಗು, ದ್ವೇರ್ಮೊ ಆಗತೈತಿ. ಪೆದೀರ್ ಅಂದ್ರ ಕೇಳಿ ತಗೊ, ಪೀದೊ ಆಗತೈತಿ. ಈ ಒಳಗಿನ ಬದಲಾವಣಿ ಕಂಡಿಷನಲ್‌ಗೆ ಇಲ್ಲ, ಪೆನ್ಸರೀಆ, ದೊರ್ಮಿರೀಆ, ಪೆದಿರೀಆ ಅಷ್ಟ. ಪಿಯೆನ್ಸರೀಆ ಅಂತ ಬರೆಯೋರು ಭಾಳ ಮಂದಿ, ವರ್ತಮಾನಕಾಲ ಗಟ್ಟಿ ಕಲ್ತೋರ ಹಂಗ ಬರೀತಾರ.

ಇನ್ನೊಂದು ಖುಷಿ ಸುದ್ದಿ. ಸೇರ್, ಎಸ್ತಾರ್, ಈರ್, ದಾರ್, ಅಂದ್ರ ಇರು, ಇರು, ಹೋಗು, ಕೊಡು, ಇವು ಉಳಿದ ಎಷ್ಟೋ ಟೆನ್ಸ್‌ನ್ಯಾಗ ಜೀವ ತಿಂತಾವ, ಇಲ್ಲಿ ಮಾತ್ರ ಪೂರಾ ನೀಟ: ಸೆರೀಆ, ಎಸ್ತರೀಆ, ಇರೀಆ, ದರೀಆ. ಹೋಗು ಅನ್ನೋ ಈರ್ ಕ್ರಿಯಾಪದಕ್ಕ ಇಂಥಾ ಸರಳ ರೂಪ ಸಿಗೋ ಜಾಗಾ ಭಾಳ ಕಡಿಮಿ, ಉಪಯೋಗ ಮಾಡಕೋರಿ.

ಬಾಲಕ್ಕ ಸೆ ಇರೋ ಕ್ರಿಯಾಪದ, ಲೆಬಂತಾರ್ಸೆ ಅಂದ್ರ ಏಳು, ಅದರಾಗ ಸೆ ತಗದು ಮುಂದ ಇಡ್ರಿ, ಆಮ್ಯಾಲ ಪ್ರತ್ಯಯ: ಮೆ ಲೆಬಂತರೀಆ, ತೆ ಲೆಬಂತರೀಆಸ್. ಇಲ್ಲ ಅನ್ನಾಕ ನೊ ಎಲ್ಲಾಕಿಂತ ಮುಂದ: ನೊ ಮೆ ಲೆಬಂತರೀಆ.

4. ರೂಢಿನೋ ಊಹೆನೋ, ಇದನ್ನ ಮೊದಲ ಕೇಳ್ರಿ

ಈಗ ಮುಖ್ಯ ಮಾತಿಗೆ ಬಂದ್ವಿ, ಇಲ್ಲಿ ಅವಸರ ಬ್ಯಾಡ. ಮನಸಿನ್ಯಾಗ "ತಿಂತಿದ್ದೆ, ಹೋಗ್ತಿದ್ದೆ, ಇರತಿದ್ದೆ" ಅಂತ ಬಂದ ಕೂಡ್ಲೆ ನಿಂತು ನಿಮ್ಮನ್ನ ನೀವ ಕೇಳ್ರಿ, ಇದು ಖರೇನ ನಡೀತಿತ್ತೇನು? ನಡೀತಿತ್ತು ಅಂದ್ರ ಇಂಪರ್ಫೆಕ್ಟ್, ಅಂದ್ರ ಹಿಂದ ರೂಢಿ ಇದ್ದ ಕೆಲಸ ಹೇಳೋ ಭೂತಕಾಲ. ನಡದಿಲ್ಲ, ನಡದ್ರ ಹಿಂಗ ಆಗತಿತ್ತು ಅಂತ ಬರೇ ಅಂದಕೊಳ್ಳೋದು ಅಂದ್ರ ಕಂಡಿಷನಲ್.

ದೆ ನೀಞೊ ಕೊಮೀಆ ರೊತ್ತಿ: ಸಣ್ಣವನಿದ್ದಾಗ ರೊಟ್ಟಿ ತಿಂತಿದ್ದೆ.
ಸಿ ತುಬಿಯೇರಾ ಆಂಬ್ರೆ, ಕೊಮೆರೀಆ ರೊತ್ತಿ: ಹಸಿವಿ ಇದ್ರ ರೊಟ್ಟಿ ತಿಂತಿದ್ದೆ.

ಕೊಮೀಆ, ಕೊಮೆರೀಆ. ಬಿಬೀಆ, ಬಿಬಿರೀಆ. ಬೆಬೀಆ, ಬೆಬೆರೀಆ. ನಡುವ ಒಂದು ತುಣುಕು ಹೆಚ್ಚು ಅಷ್ಟ, ಅರ್ಥ ಮಾತ್ರ ಪೂರಾ ಬ್ಯಾರೆ. ಆರ್ ಗುಂಪಿನ್ಯಾಗ ಈ ಸಮಸ್ಯಾ ಇಲ್ಲ, ಅಲ್ಲಿ ಇಂಪರ್ಫೆಕ್ಟ್ ಅಬ್ಲಾಬಾ ಅಂತ ಬರತೈತಿ, ಅಬ್ಲರೀಆ ಜೋಡಿ ಯಾರಿಗೂ ಅದಲಿಬದಲಿ ಆಗಂಗಿಲ್ಲ. ಗೊಂದಲ ಇರೋದು ಏರ್ ಮತ್ತ ಈರ್ ಗುಂಪಿನ್ಯಾಗ.

"ರೀಆ ಕೇಳಿದ್ರ ಕಂಡಿಷನಲ್, ಬರೇ ಈಆ ಕೇಳಿದ್ರ ಇಂಪರ್ಫೆಕ್ಟ್" ಅಂತ ಒಂದು ಸುಲಭ ಉಪಾಯ ಮಂದಿ ಹೇಳಕೊಡ್ತಾರ. ಅದನ್ನ ನಂಬಬ್ಯಾಡ್ರಿ. ಕೊರ್ರೇರ್ ಅಂದ್ರ ಓಡು, ಅದರ ಇಂಪರ್ಫೆಕ್ಟ್ ಕೊರ್ರೀಆ, ಅದರಾಗೂ ರೀಆ ಐತಿ! ಅದರ ಕಂಡಿಷನಲ್ ಕೊರ್ರೆರೀಆ. ಅಬ್ರೀರ್ ಅಂದ್ರ (ಬಾಗಲಾ) ತಗಿ, ಅಬ್ರೀಆ ಇಂಪರ್ಫೆಕ್ಟ್, ಅಬ್ರಿರೀಆ ಕಂಡಿಷನಲ್. ಮೊರೀರ್ ಅಂದ್ರ ಸಾಯಿ, ಅದೂ ಹಿಂಗ, ಮೊರೀಆ ಮತ್ತ ಮೊರಿರೀಆ. ಸರಿಯಾದ ಪರೀಕ್ಷಾ ಅಂದ್ರ, ಈಆ ಮುಚ್ಚಿ ಉಳಿದದ್ದನ್ನ ಓದ್ರಿ, ಪೂರಾ ಮೂಲರೂಪ ಕಂಡ್ರ ಅದು ಕಂಡಿಷನಲ್. ಕೊರ್ರೆರೀಆದಾಗ ಈಆ ಮುಚ್ಚಿದ್ರ ಕೊರ್ರೇರ್ ಸಿಗತೈತಿ. ಕೊರ್ರೀಆದಾಗ ಈಆ ಮುಚ್ಚಿದ್ರ ಬರೇ ಕೊರ್ರ್ ಅಂತ ಉಳೀತೈತಿ, ಅದು ಮೂಲರೂಪ ಅಲ್ಲ. ಹಂಗ ಗಲೆರೀಆ, ಪನದೆರೀಆ ಅಂಥಾವು ಓದೋವಾಗ ಸಿಗತಾವ, ಒಂದು ಗ್ಯಾಲರಿ ಇನ್ನೊಂದು ಬೇಕರಿ, ಅವು ಕ್ರಿಯಾಪದಾನ ಅಲ್ಲ.

ಇಂಗ್ಲಿಷ್‌ನ್ಯಾಗ ಯೋಚನಾ ಮಾಡೋರಿಗೂ ಇದ ಗುಂಡಿ ಐತಿ, ಅವರ ವುಡ್ ಅನ್ನೋ ಶಬ್ದ ರೂಢಿಗೂ ಬರತೈತಿ ಊಹೆಗೂ ಬರತೈತಿ. ವುಡ್ ಕಂಡಲ್ಲೆಲ್ಲಾ ಕಂಡಿಷನಲ್ ಹಾಕಬ್ಯಾಡ್ರಿ.

5. ಸಿ ಪಕ್ಕಕ್ಕ ಕಂಡಿಷನಲ್ ಇಡಬ್ಯಾಡ್ರಿ

ಹೆಸರ ಮೋಸ ಮಾಡತೈತಿ. ಕಂಡಿಷನ್ ಅಂದ್ರ ಷರತ್ತು, ಅಂದ್ಮ್ಯಾಲ ಷರತ್ತಿನ ಭಾಗಕ್ಕ ಈ ಟೆನ್ಸ್ ಹಾಕಬೇಕು ಅನಸತೈತಿ. ಅದರಾಗ ಕನ್ನಡದಾಗ "ಇದ್ದರೆ, ಬಂದರೆ" ಅಂತ ಷರತ್ತಿನ ಕಡೀಗೇ ರೆ ಬರತೈತಿ, ರೀಆ ಅನ್ನೋದೂ ಹಂಗ ಕೇಳತೈತಿ, ಕೈ ತಾನ ಅಲ್ಲಿಗೆ ಹೋಗತೈತಿ. ಸ್ಪ್ಯಾನಿಶ್‌ನ್ಯಾಗ ಉಲ್ಟಾ. ಕಂಡಿಷನಲ್ ಬರೋದು ಫಲದ ಭಾಗಕ್ಕ, "ತಗೋತಿದ್ದೆ, ಇರತಿದ್ದೆ" ಅನ್ನೋ ಕಡೆ. ಸಿ ಅಂದ್ರ "ರೆ", ಅದರ ಪಕ್ಕಕ್ಕ ಇಂಪರ್ಫೆಕ್ಟ್ ಸಬ್‌ಜಂಕ್ಟಿವ್ ಬರಬೇಕು, ಅಂದ್ರ ಇಲ್ಲದ್ದನ್ನ ಇದ್ದಂಗ ಅಂದಕೊಂಡು ಹೇಳೋ ಒಂದು ವಿಶೇಷ ರೂಪ.

ಸಿ ಬಿಬಿಯೇರಾ ಎನ್ ಬೆಳಗಾವಿ, ಕೊಮೆರೀಆ ಕುಂದಾ ತೋದೋಸ್ ಲೋಸ್ ದೀಆಸ್.
ಬೆಳಗಾವ್ಯಾಗ ಇದ್ದಿದ್ರ ದಿನಾ ಕುಂದಾ ತಿಂತಿದ್ದೆ.

ಸಿ ಬಿಬಿರೀಆ ಅಂತ ಬರೆದ್ರ ತಪ್ಪು. ಸಬ್‌ಜಂಕ್ಟಿವ್ ಇನ್ನೂ ಕಲ್ತಿಲ್ಲ ಅನ್ನೋರು ಸದ್ಯಕ್ಕ ಸಿ ತುಬಿಯೇರಾ, ಸಿ ಫ್ವೇರಾ, ಸಿ ಪುದಿಯೇರಾ, ಅಂದ್ರ ನನ್ನ ಕಡೆ ಇದ್ರ, ನಾ ಆಗಿದ್ರ, ನನ್ನ ಕೈಲೆ ಆದ್ರ, ಈ ಮೂರು ಮಾತ್ರ ಕಂಠಪಾಠ ಮಾಡ್ಕೋರಿ, ಭಾಳ ದೂರ ಒಯ್ಯತಾವ. ಇನ್ನೊಂದು, ಖರೇನ ಆಗೋ ಸಾಧ್ಯತಾ ಇರೋ ಮಾತಿಗೆ, "ಮಳಿ ಬಂದ್ರ ಬರಂಗಿಲ್ಲ" ಅಂಥಾದ್ದಕ್ಕ, ಈ ಜೋಡಿ ಬ್ಯಾಡ, ಅಲ್ಲಿ ಸಿ ಜೋಡಿ ಸಾದಾ ವರ್ತಮಾನಕಾಲ ನಡೀತೈತಿ.

6. ಮರ್ಯಾದಿ ಮಾತು, ಸಲಹಾ

ದಿನಾ ಉಪಯೋಗಕ್ಕ ಬರೋದು ಇದ. ಮೆ ಗುಸ್ತರೀಆ ಅಂದ್ರ "ನನಗ ಬೇಕಿತ್ತು, ನನಗ ಇಷ್ಟ ಆಗತಿತ್ತು". ಇಂಗ್ಲಿಷ್‌ನವರು ಗುಸ್ತಾರ್ ಕಲಿಯೋವಾಗ ಒದ್ದಾಡ್ತಾರ, ಯಾಕಂದ್ರ ಅಲ್ಲಿ ಕರ್ತೃ ನಾನಲ್ಲ, ವಸ್ತು. ನಮಗ ಅದು ಹೊಸಾದೇನಲ್ಲ, "ನನಗ ಕರದಂಟು ಸೇರತೈತಿ" ಅಂತ ದಿನಾ ಹಂಗ ಮಾತಾಡ್ತೀವಿ. ಮೆ ಗುಸ್ತರೀಆ ಹಿಂದ ಇನ್ನೊಂದು ಕ್ರಿಯಾಪದ ಬಂದ್ರ ಅದು ಮೂಲರೂಪದಾಗ ಇರಲಿ: ಮೆ ಗುಸ್ತರೀಆ ತ್ರಬಹಾರ್ ಅಕೀ, ನನಗ ಇಲ್ಲಿ ಕೆಲಸ ಮಾಡೋ ಇಚ್ಛಾ ಐತಿ.

ಬಾದಾಮ್ಯಾಗ ಒಬ್ಬ ಹಿರಿಯ ಟೂರಿಸ್ಟ್‌ಗೆ ಗುಹೆ ನೋಡ್ತೀರೇನ್ರಿ ಅಂತ ಕೇಳೋದಾದ್ರ, ಲೆ ಗುಸ್ತರೀಆ ಬೇರ್ ಲಾಸ್ ಕ್ವೇಬಾಸ್? ವಿಜಯಪುರದಾಗ ಗೋಳಗುಮ್ಮಟಕ್ಕ ಯಾವಾಗ ಹೋಗೋದು ಅಂತ ಅವರ ಕೇಳಿದ್ರ, ಯೊ ಕೆ ಉಸ್ತೇದ್, ಇರೀಆ ಪೊರ್ ಲಾ ಮಞಾನಾ, "ನಿಮ್ಮ ಜಾಗಾದಾಗ ನಾ ಇದ್ರ ಮುಂಜಾನೆ ಹೋಗ್ತಿದ್ದೆ". ಮಂದಿ ಗದ್ದಲ ಹೆಚ್ಚಾದ್ಮ್ಯಾಲ ಪಿಸುಗುಟ್ಟೋ ಗ್ಯಾಲರ್‍ಯಾಗ ಪಿಸುಮಾತು ಎಲ್ಲಿ ಕೇಳಬೇಕು, ಅದಕ್ಕ ಈ ಸಲಹಾ ಕೊಡೋದ ಛಲೋ. ಯೊ ಕೆ ತೂ, ಯೊ ಕೆ ಉಸ್ತೇದ್, ಈ ಎರಡು ತುಂಡು ಬಾಯಾಗ ಇದ್ರ ಸಿ ಗೊಡವೆ ಇಲ್ಲದ ಸಲಹಾ ಕೊಡಬಹುದು. ದೆಬೇರ್‌ನಿಂದ ದೆಬೆರೀಆಸ್ ಅಂದ್ರೂ "ನೀ ಹಿಂಗ ಮಾಡಿದ್ರ ಛಲೋ ನೋಡು" ಅಂತ ಮೆತ್ತಗ ಹೇಳಿದಂಗ.

ಇಲ್ಲೊಂದು ನಮ್ಮದ ತಪ್ಪು ಐತಿ, ಗಮನ ಕೊಡ್ರಿ. ಕನ್ನಡದಾಗ ಹಿರಿಯರಿಗೆ ಮರ್ಯಾದಿ ಅಂದ್ರ ಬಹುವಚನ, ಅಪ್ಪಾರು ಬಂದ್ರು, ನೀವು ಕೂಡ್ರಿ. ಸ್ಪ್ಯಾನಿಶ್‌ನ್ಯಾಗ ಒಬ್ಬರಿಗೆ ಮರ್ಯಾದಿ ಕೊಡೋ ಸರ್ವನಾಮ ಉಸ್ತೇದ್, ಅದಕ್ಕ ಏಕವಚನದ ಈಆ ರೂಪಾನ ಬರಬೇಕು. ಒಬ್ಬ ಯಜಮಾನರಿಗೆ ಮೆ ಅಯುದರೀಆನ್ ಅಂತ ಕೇಳಿದ್ರ ಅವರು ಹಿಂದ ಯಾರು ನಿಂತಾರ ಅಂತ ತಿರುಗಿ ನೋಡ್ತಾರ. ಮೆ ಅಯುದರೀಆ ಅನ್ರಿ, ಅದರಾಗ ಮರ್ಯಾದಿ ಪೂರಾ ಐತಿ.

ನಾನು ಮತ್ತ ಅವ, ಇಬ್ಬರಿಗೂ ರೂಪ ಒಂದ, ಅಬ್ಲರೀಆ. ಕನ್ನಡದಾಗ ಹೋಗ್ತಿದ್ದೆ, ಹೋಗ್ತಿದ್ದ, ಹೋಗ್ತಿದ್ಲು ಅಂತ ಬಾಲಾನ ಯಾರಂತ ಹೇಳತೈತಿ, ಅದಕ್ಕ ಸರ್ವನಾಮ ಬಿಡೋದು ನಮಗ ರೂಢಿ. ಸ್ಪ್ಯಾನಿಶ್‌ನವರೂ ಬಿಡ್ತಾರ, ಆದ್ರ ಇಲ್ಲಿ ಯಾರಂತ ತಿಳಿಯದ ಇದ್ರ ಯೊ, ಎಲ್, ಎಯಾ ಅಂತ ಬಾಯಿಬಿಟ್ಟು ಹೇಳ್ರಿ.

7. ಬರ್ತೀನಿ ಅಂದ, ಹತ್ತಾಗಿರಬೇಕು

ಕನ್ನಡದಾಗ ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟಿಸೋವಾಗ ಅವರು ಅಂದದ್ದನ್ನ ಹಂಗ ಇಟ್ಟು ಹಿಂದ "ಅಂದ" ಹಚ್ಚತೀವಿ: ಅಣ್ಣ ಎಂಟಕ್ಕ ಮುಟ್ಟತೀನಿ ಅಂದ. ಸ್ಪ್ಯಾನಿಶ್‌ನ್ಯಾಗ ಅಂದ ಅನ್ನೋದು ಭೂತಕಾಲ ಆದ ಕೂಡ್ಲೆ ಒಳಗಿನ ಭವಿಷ್ಯ ಕಂಡಿಷನಲ್ ಆಗತೈತಿ, ನಾನು ಹೋಗಿ ಅವ ಆಗತೈತಿ: ಮಿ ಎರ್ಮಾನೊ ದೀಹೊ ಕೆ ಯೆಗರೀಆ ಅ ಲಾಸ್ ಓಚೊ. ಇಲ್ಲಿ ಷರತ್ತೂ ಇಲ್ಲ, ಊಹೆನೂ ಇಲ್ಲ, ಆವತ್ತಿನ ದಿನದಿಂದ ನೋಡಿದ್ರ ಅದು ಮುಂದಿನ ಮಾತು ಅಷ್ಟ. ಅದಕ್ಕ ವೆನೆಜುವೆಲಾದಾಗ ಹುಟ್ಟಿದ ವ್ಯಾಕರಣಕಾರ ಆಂದ್ರೇಸ್ ಬೆಯೊ 1847ರ ತನ್ನ ವ್ಯಾಕರಣದಾಗ ಇದಕ್ಕ ಪೋಸ್‌ಪ್ರೆತೇರಿತೊ ಅಂತ ಹೆಸರಿಟ್ಟ, ಭೂತಕಾಲದ ಮುಂದಿಂದು ಅಂತ ಅರ್ಥ. ಮೆಕ್ಸಿಕೊದ ಪುಸ್ತಕ, ವಿಡಿಯೊದಾಗ ಈಗೂ ಆ ಹೆಸರ ಸಿಗತೈತಿ, ಹಳೇ ಸ್ಪೇನ್ ಪುಸ್ತಕದಾಗ ಪೊತೆನ್ಸಿಯಾಲ್ ಅಂತ ಇರತೈತಿ. ಬ್ಯಾರೆ ಟೆನ್ಸ್ ಅಂದಕೊಂಡು ಗಾಬರಿ ಆಗಬ್ಯಾಡ್ರಿ, ಎಲ್ಲಾ ಇದ.

ಹಿಂದಿನ ಮಾತಿಗೆ ಅಂದಾಜು ಹೇಳಾಕೂ ಬರತೈತಿ: ಸೆರೀಆನ್ ಲಾಸ್ ದಿಯೇಸ್, ಆಗ ಹತ್ತಾಗಿರಬೇಕು. ಇದು ಕೇಳಿದಾಗ ತಿಳಿದ್ರ ಸಾಕು, ಬಳಸೋದು ನಿಧಾನ ಬರತೈತಿ.

8. ನೀಟ ಇಲ್ಲದ ಹನ್ನೆರಡು

ಇಷ್ಟೂ ಹೇಳಿದ್ದು ರೆಗ್ಯುಲರ್ ಕ್ರಿಯಾಪದ, ಅಂದ್ರ ನಿಯಮದ ಪ್ರಕಾರ ನಡಿಯೋವು. ಮೂಲರೂಪ ಹಂಗ ಇಡಬೇಕು ಅನ್ನೋ ನಿಯಮ ಮುರಿಯೋವು ಮುಖ್ಯ ಹನ್ನೆರಡು ಅದಾವ: ತೆಂದ್ರೀಆ, ಬೆಂದ್ರೀಆ, ಪೊಂದ್ರೀಆ, ಸಲ್ದ್ರೀಆ, ಬಲ್ದ್ರೀಆ, ಪೊದ್ರೀಆ, ಸಬ್ರೀಆ, ಅಬ್ರೀಆ, ಕೆರ್ರೀಆ, ಕಬ್ರೀಆ, ದಿರೀಆ, ಅರೀಆ. ಪ್ರತ್ಯಯ ಇವುಕ್ಕೂ ಅದ, ಮುಂದಿನ ಭಾಗ ಮಾತ್ರ ಬದಲಾಗೇತಿ. ಭವಿಷ್ಯತ್ಕಾಲ ಕಲ್ತಿದ್ರ ಇವು ನಿಮಗ ಮೊದಲ ಗೊತ್ತು, ಅಲ್ಲೂ ಇವ ತುಂಡು ಬರತಾವ. ಈ ಪಟ್ಟಿಗೆ ಮೊದಲ ಕೈ ಹಾಕಬ್ಯಾಡ್ರಿ, ರೆಗ್ಯುಲರ್ ಕೈಗೆ ಹತ್ತಿದ ಮ್ಯಾಲ ಪೊದ್ರೀಆ, ತೆಂದ್ರೀಆ, ಅರೀಆ, ದಿರೀಆ, ಅಂದ್ರ ಕೈಲೆ ಆಗು, ಕಡೆ ಇರು, ಮಾಡು, ಹೇಳು, ಈ ನಾಕು ಶುರು ಮಾಡ್ರಿ, ಮಾತಿನ್ಯಾಗ ಹೆಚ್ಚು ಬರೋವು ಇವ. ಇನ್ನ ಅಬ್ರೀಆ ಅನ್ನೋದು ಅಬೇರ್‌ನ ಕಂಡಿಷನಲ್ಲೂ ಹೌದು, ತಗಿ ಅನ್ನೋ ಅಬ್ರೀರ್‌ನ ಇಂಪರ್ಫೆಕ್ಟೂ ಹೌದು, ಕಿವಿಗೆ ಎರಡೂ ಒಂದ. ಬರಿಯೋವಾಗ ಅಬೇರ್‌ನದಕ್ಕ ಮುಂದ ಉಚ್ಚಾರ ಇಲ್ಲದ ಹೆಚ್ ಅಕ್ಷರ ಇರತೈತಿ.

9. ಅಭ್ಯಾಸ

ಟೇಬಲ್ ಮ್ಯಾಲಿಂದ ಕೆಳಗ ಓದಿದ್ರ ನಾಲಿಗಿಗೆ ರಾಗ ಅಷ್ಟ ಬರತೈತಿ, ವಾಕ್ಯ ಬರಂಗಿಲ್ಲ. ಜೋಡಿ ಮಾಡಿ ಅನ್ರಿ, ಒಂದು ರೂಢಿ ಒಂದು ಊಹೆ, ಕೊಮೀಆ-ಕೊಮೆರೀಆ, ಬಿಬೀಆ-ಬಿಬಿರೀಆ, ಪ್ರತಿಯೊಂದಕ್ಕೂ ನಿಮ್ಮ ಮನಿ ಮಾತಿನ್ಯಾಗ ಒಂದು ಸಂದರ್ಭ ನೆನಸಕೊಂಡು. ಕೆಳಗಿನ ಆರು ವಾಕ್ಯ ಮೊದಲ ನೀವ ಬರೀರಿ, ಆಮ್ಯಾಲ ಉತ್ತರ ನೋಡ್ರಿ.

ಅ. ನಾನಾದ್ರ ಆ ಸೀರಿ ತಗೋತಿದ್ದಿಲ್ಲ.
ಆ. ಸಣ್ಣಾಕಿ ಇದ್ದಾಗ ಹಾಲು ಕುಡೀತಿದ್ದೆ.
ಇ. ರೊಕ್ಕ ಇದ್ರ ನಾವು ಹಳ್ಳ್ಯಾಗ ಇರತಿದ್ವಿ.
ಈ. ಮೇಡಂ, ಇಲ್ಲಿ ಸಹಿ ಮಾಡ್ತೀರೇನ್ರಿ?
ಉ. ಅಪ್ಪಾರು ಆರಕ್ಕ ಫೋನ್ ಮಾಡತೀನಿ ಅಂದ್ರು.
ಊ. ಅವ ದಿನಾ ಮುಂಜಾನೆ ಓಡತಿದ್ದ.

ಉತ್ತರ:

ಅ. ಯೊ ನೊ ಕೊಂಪ್ರರೀಆ ಎಸೆ ಸಾರಿ. ಯೊ ಬಿಟ್ರ ಅವನೋ ನಾನೋ ತಿಳಿಯಂಗಿಲ್ಲ, ಬಿಡಬ್ಯಾಡ್ರಿ.
ಆ. ದೆ ನೀಞಾ ಬೆಬೀಆ ಲೇಚೆ. ಖರೇನ ಕುಡೀತಿದ್ದದ್ದು, ಅದಕ್ಕ ಇಂಪರ್ಫೆಕ್ಟ್.
ಇ. ಸಿ ತುಬಿಯೇರಾಮೋಸ್ ದಿನೇರೊ, ಬಿಬಿರೀಆಮೋಸ್ ಎನ್ ಎಲ್ ಪ್ವೇಬ್ಲೊ. ನಾವು ಅಂದದ್ದಕ್ಕ ಎರಡೂ ಕಡೆ ಮೋಸ್ ಬಂತು.
ಈ. ಸೆಞೋರಾ, ಫಿರ್ಮರೀಆ ಅಕೀ? ಒಬ್ಬರ ಮೇಡಂ, ಏಕವಚನ.
ಉ. ಮಿ ಪಾದ್ರೆ ದೀಹೊ ಕೆ ಯಮರೀಆ ಅ ಲಾಸ್ ಸೇಯ್ಸ್. ಅಂದ್ರು ಅಂತ ಕನ್ನಡದಾಗ ಬಹುವಚನ ಇದ್ರೂ ಅಲ್ಲಿ ದೀಹೊ, ಯಮರೀಆ ಎರಡೂ ಏಕವಚನ.
ಊ. ಕೊರ್ರೀಆ ತೋದಾಸ್ ಲಾಸ್ ಮಞಾನಾಸ್. ಕೊರ್ರೆರೀಆ ಅಂತ ಬರೆದಿದ್ರ ನಾಕನೇ ಹೆಜ್ಜಿ ಇನ್ನೊಮ್ಮೆ ಓದ್ರಿ.